ಸುಸ್ತಿ ಸಾಲಕ್ಕೆ ಬ್ಯಾಂಕು ತೆಗೆದಿಟ್ಟ ಹಣಕ್ಕೆಲ್ಲ ತೆರಿಗೆ ತಪ್ಪುತ್ತದೆಯೇ?

ಇಲ್ಲ. ಆರ್‌ಬಿಐ ಹೇಳಿದಷ್ಟು ಪ್ರಾವಿಜನ್ (ಸಾಲ ಮುಳುಗಬಹುದೆಂದು ತೆಗೆದಿಡುವ ಹಣ) ಮಾಡಲೇಬೇಕು, ಆದರೆ ತೆರಿಗೆಯವರ ಲೆಕ್ಕವೇ ಬೇರೆ. ಆದಾಯ ತೆರಿಗೆ ಕಾಯ್ದೆ ನಮ್ಮ ದೇಶದ ಬ್ಯಾಂಕುಗಳಿಗೆ ಹಾಕಿದ ಮಿತಿ: ಈ ಕಡಿತಕ್ಕೆ (ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಮೊತ್ತಕ್ಕೆ) ಮುಂಚಿನ ಆದಾಯದ ಶೇ 8.5, ಜೊತೆಗೆ ಗ್ರಾಮೀಣ ಶಾಖೆಗಳ ಸರಾಸರಿ ಸಾಲದ ಶೇ 10. ಗ್ರಾಮೀಣ ಅಂದರೆ ಜನಗಣತಿಯಲ್ಲಿ 10,000 ಮೀರದ ಊರು. ಹುಬ್ಬಳ್ಳಿಯ ಕೊಪ್ಪೀಕರ್ ರೋಡಿನ ಶಾಖೆ ಬರೀ ರೈತರಿಗೇ ಸಾಲ ಕೊಟ್ಟಿದ್ದರೂ ಈ ಎಣಿಕೆಗೆ ಬರೋದಿಲ್ಲ!

ಮುಂದೆ ಸಾಲ ನಿಜಕ್ಕೂ ರೈಟ್ ಆಫ್ ಆದಾಗ, ಆ ಪ್ರಾವಿಜನ್ ಖಾತೆಯ ಬಾಕಿಗಿಂತ ಹೆಚ್ಚಾದದ್ದಕ್ಕೆ ಮಾತ್ರ ಕಡಿತ. ಒಂದೇ ನಷ್ಟವನ್ನು ಎರಡು ಸಲ ತೋರಿಸಬಾರದಲ್ಲ, ನ್ಯಾಯವೇ. (ರೈಟ್ ಆಫ್ ಅಂದರೆ ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆಯುವುದು, ಸಾಲ ಮನ್ನಾ ಅಲ್ಲ, ವಸೂಲಿ ನಡೆಯುತ್ತಲೇ ಇರುತ್ತದೆ.)

ವ್ಯಾಪಾರಕ್ಕೆಂದು ಇಟ್ಟ ಬಾಂಡುಗಳ ಬೆಲೆ ಇಳಿದರೆ ಅದು ದಾಸ್ತಾನಿನ ಬೆಲೆ ಕಟ್ಟುವ ವಿಷಯ. ಈ ಮಿತಿ ಅದಕ್ಕಿಲ್ಲ.