ಕ್ವಾಯರ್‌ನಲ್ಲಿ ಎಲ್ಲರಿಗೂ ಹಾಡು ಬರುವಾಗ ಮುಂದೆ ನಿಂತು ಕೈ ಆಡಿಸುವವರು ಯಾಕೆ ಬೇಕು?

ನೀವು ಕೇಳಿದ್ದು ಇಷ್ಟು: ಕ್ವಾಯರ್‌ನಲ್ಲಿ, ಅಂದರೆ ಚರ್ಚಿನಲ್ಲಿ ಒಟ್ಟಿಗೆ ಹಾಡುವ ಗುಂಪಿನಲ್ಲಿ, ಎಲ್ಲರಿಗೂ ಹಾಡು ಗೊತ್ತಿರುತ್ತದೆ, ಕೈಯಲ್ಲಿ ಪುಸ್ತಕವೂ ಇರುತ್ತದೆ. ಹಾಗಿದ್ದ ಮೇಲೆ ಮುಂದೆ ಒಬ್ಬರು ನಿಂತು ಕೈ ಆಡಿಸುವುದು ಯಾಕೆ? ಅವರು ಬದಲಾದರೆ ಹಾಡುವವರಿಗೆ ಏನಾದರೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಾನು 1988ರಿಂದ ಹುಬ್ಬಳ್ಳಿಯ ಒಂದು ಚರ್ಚಿನ ಕ್ವಾಯರ್‌ನಲ್ಲಿ ಬಾಸ್, ಅಂದರೆ ಗಂಡಸರ ಕೆಳಗಿನ ದನಿ, ಹಾಡುತ್ತಿದ್ದೇನೆ. ಸೇರಿದಾಗ ಪಿಯುಸಿ ಓದುತ್ತಿದ್ದೆ, ಈಗ ತಲೆ ನರೆತಿದೆ. ಇಷ್ಟು ವರ್ಷದಲ್ಲಿ ನಾಲ್ಕು ಜನ ನಮ್ಮನ್ನು ನಡೆಸಿದ್ದಾರೆ. ಕಂಡಕ್ಟರ್ ಅಂದರೆ ನಮ್ಮೂರಲ್ಲಿ ಬಸ್ಸಿನವರು, ಹಾಗಾಗಿ ಆ ಮಾತನ್ನು ಯಾರೂ ಬಳಸುವುದಿಲ್ಲ. ಮಾಸ್ತರು ಅನ್ನುತ್ತೇವೆ, ಹೆಂಗಸರಾದರೆ ಅಕ್ಕೋರು.

ನಿಮಗೆ ಈ ಪ್ರಶ್ನೆ ಬಂದದ್ದು ಸಹಜ. ನಮ್ಮ ಭಾಗ ಒಬ್ಬರು ಕೂತು ಹಾಡುವ ಸಂಗೀತದ ಸೀಮೆ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದೆಲ್ಲ ಹಾಗೆ. ಹಾಡುವವರ ಮನಸ್ಸು ಹೋದ ಕಡೆ ತಬಲಾ, ಪೇಟಿ ಹಿಂದೆ ಹೋಗುತ್ತವೆ. ಓಣಿಯ ಭಜನೆಯಲ್ಲಿ ಗುಂಪು ಇರುತ್ತದೆ ನಿಜ. ಆದರೆ ಅಲ್ಲಿ ಮುಂದಿನವರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಒಂದು ಸಾಲು ತಪ್ಪಿದರೆ ಮುಂದಿನ ಸಾಲಿಗೆ ಸೇರಿಕೊಳ್ಳಬಹುದು. ಕ್ವಾಯರ್‌ನಲ್ಲಿ ಹಾಗೆ ಹೇಳಿಕೊಡುವ ಸಾಲು ಇಲ್ಲ. ಹೆಂಗಸರ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರದು ಟೆನರ್ ಮತ್ತು ಬಾಸ್. ಈ ನಾಲ್ಕೂ ಗುಂಪು ಬೇರೆ ಬೇರೆ ಸ್ವರ ಹಿಡಿದು ಒಂದೇ ಹೊತ್ತಿಗೆ ಬಾಯಿ ತೆರೆಯಬೇಕು. ಆ ಹೊತ್ತು ಯಾವುದು ಅಂತ ಯಾರಾದರೂ ಹೇಳಬೇಕಲ್ವಾ?

ನೋಡುವವರಿಗೆ ಮಾಸ್ತರರ ಕೈ ಕೆಳಗೆ ಇಳಿದದ್ದು ಕಾಣುತ್ತದೆ. ಹಾಡುವವರು ಕಾಯುವುದು ಅದಕ್ಕೂ ಮುಂಚೆ ಕೈ ಮೇಲೆ ಏಳುವುದನ್ನು. ಆಗಲೇ ಎಲ್ಲರೂ ಉಸಿರು ತೆಗೆದುಕೊಳ್ಳುವುದು. ಕೈ ನಿಧಾನವಾಗಿ ಎದ್ದರೆ ಹಾಡು ನಿಧಾನ, ಚುರುಕಾಗಿ ಎದ್ದರೆ ಚುರುಕು. ಎಷ್ಟು ದನಿ ಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ನಾಲ್ಕು ಮಾಸ್ತರರಲ್ಲಿ ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ. ಒಬ್ಬೊಬ್ಬರು ಬಂದಾಗಲೂ ನಾವು ಉಸಿರು ತೆಗೆದುಕೊಳ್ಳುವ ಜಾಗ ಬದಲಾಯಿತು.

ಮೊದಲನೆಯವರು ಶಾಲೆ ಮಾಸ್ತರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಜೇಬಿನಲ್ಲಿ ಒಂದು ಶ್ರುತಿಕವೆ. ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ನೋಡಿರುತ್ತೀರಿ, ಎರಡು ಕಾಲಿನ ಉಕ್ಕಿನ ಕವಲು. ಅದನ್ನು ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಅದು ಕೊಡುವುದು ಒಂದೇ ಸ್ವರ, ಸೆಕೆಂಡಿಗೆ 440 ಕಂಪನದ್ದು. ಅಲ್ಲಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಆ ದಿನದ ಹಾಡಿನ ಆಧಾರ ಸ್ವರ 'ಡೋ' ಹಿಡಿದು, ನಾಲ್ಕೂ ಗುಂಪಿಗೆ ಅವರವರ ಮೊದಲ ಸ್ವರವನ್ನು ಬಾಯಿ ಮುಚ್ಚಿಕೊಂಡೇ ಗುನುಗಿ ಕೊಡುತ್ತಿದ್ದರು.

ಅವರು ಕಲಿಸಿದ್ದು ಸೋಲ್ಫಾ ಪದ್ಧತಿ. ಇಂಗ್ಲೆಂಡಿನ ಸಾರಾ ಗ್ಲೋವರ್ ಅನ್ನುವ ಹೆಣ್ಣುಮಗಳು ಶುರು ಮಾಡಿದ್ದು, 19ನೇ ಶತಮಾನದಲ್ಲಿ ಜಾನ್ ಕರ್ವೆನ್ ಅದನ್ನು ಬೆಳೆಸಿದರು. ಐದು ಗೆರೆಯ ಮೇಲೆ ಚುಕ್ಕೆ ಇಡುವ ಬದಲು ಡೋ, ರೇ, ಮಿ, ಫಾ, ಸೋ, ಲಾ, ಟೀ ಅಂತ ಅಕ್ಷರದಲ್ಲೇ ಬರೆಯುತ್ತಾರೆ. ಡೋ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ನಮ್ಮ 'ಸ' ಇದ್ದ ಹಾಗೆ. ಮನೆಯಲ್ಲಿ ಪೇಟಿ ಕೇಳಿ ಬೆಳೆದ ನಮ್ಮಂಥವರಿಗೆ ಇದು ಕಷ್ಟವೇ ಆಗಲಿಲ್ಲ. ಒಂದೊಂದು ಸ್ವರಕ್ಕೂ ಕೈಗುರುತು ಇತ್ತು. ಮುಷ್ಟಿ ಹಿಡಿದರೆ ಡೋ. ಅಂಗೈ ನೆಲದ ಕಡೆ ಮಾಡಿ ಅಡ್ಡ ಚಾಚಿದರೆ ಮಿ. ಅಂಗೈ ತಮ್ಮ ಕಡೆ ತಿರುಗಿಸಿದರೆ ಸೋ. ತೋರುಬೆರಳು ಮೇಲೆ ಮಾಡಿದರೆ ಟೀ, ಇನ್ನೇನು ಮೇಲಿನ ಡೋ ಮುಟ್ಟಬೇಕು ಅನ್ನುವ ಹಾಗೆ. ಎಡಗೈಯಲ್ಲಿ ಬಾಸ್‌ಗೆ ಒಂದು ಸ್ವರ, ಬಲಗೈಯಲ್ಲಿ ಸೊಪ್ರಾನೊಗೆ ಇನ್ನೊಂದು ತೋರಿಸುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಿಂದ ಕೈ ತೊಳೆದುಕೊಂಡು ಸೀದಾ ಬರುತ್ತಿದ್ದವರು ಕೂಡ ಆ ಕೈ ನೋಡಿಯೇ ನಾಲ್ಕು ಪಾರ್ಟ್ ಕಲಿತರು.

ಹಾಡು ಮುಗಿದ ಮೇಲೆ ಮತ್ತೆ ಕವೆ ಬಡಿಯುತ್ತಿದ್ದರು. ವಾದ್ಯ ಇಲ್ಲದೆ ಹಾಡುವ ಗುಂಪು ಹಾಡುತ್ತಾ ಹಾಡುತ್ತಾ ಶ್ರುತಿಯಲ್ಲಿ ಕೆಳಗೆ ಇಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲರೂ ಒಟ್ಟಿಗೆ ಇಳಿದಿರುತ್ತಾರಲ್ಲ. ಮಾಸ್ತರು ಹೆಬ್ಬೆರಳು ತೋರುಬೆರಳಿನ ನಡುವೆ ಜಾಗ ಬಿಟ್ಟು 'ಇಷ್ಟು ಇಳದೀರಿ' ಅಂತ ತೋರಿಸುತ್ತಿದ್ದರು. ಉಸಿರು ಕಡಿಮೆ ಬಿದ್ದರೆ ಇಳಿಯುತ್ತದೆ. ಒಂದೇ ಸ್ವರ ನಾಲ್ಕೈದು ಸಲ ಬಂದರೂ ಇಳಿಯುತ್ತದೆ, ಮೂರನೇ ಸಲಕ್ಕೆ ಗಂಟಲು ಉದಾಸೀನ ಮಾಡುತ್ತದೆ. 'ಅದೇ ಸ್ವರ ಮತ್ತ ಬಂದ್ರ, ಹೊಸದು ಬಂತು ಅಂತ ತಿಳಕೊಂಡು ಹಾಡ್ರಿ' ಅನ್ನುತ್ತಿದ್ದರು. ಈಗಲೂ ಹಾಗೇ ಹಾಡುತ್ತೇನೆ.

ಉಸಿರಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಪ್ರತಿ ಸಾಲಿನ ಕೊನೆಗೆ, ರಾಗ ನಿಲ್ಲುವ ಕಡೆ, ನೀಲಿ ಶಾಯಿಯಲ್ಲಿ ಒಂದು ಅಲ್ಪವಿರಾಮ. ಎಲ್ಲರ ಪುಸ್ತಕದಲ್ಲೂ ಅವರೇ ಕೂತು ಹಾಕಿದ್ದರು. ನನ್ನ ಪುಸ್ತಕದಲ್ಲಿ ಅವು ಈಗಲೂ ಇವೆ.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬೇಸಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ. ಅವರ ಜೊತೆ ಜರ್ಮನಿಯ ರಾಗಗಳೂ ಬಂದವು. ಆ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡು ಮಾಡಿದರು. ರಾಗ ಮೊದಲು ಇತ್ತು, ಮಾತು ಆಮೇಲೆ ಬಂತು. ತೊಂದರೆ ಇರುವುದು ಅಲ್ಲೇ. ಕನ್ನಡದಲ್ಲಿ ಗಿಡ್ಡ ಅಕ್ಷರ ಎಳೆದರೆ ಅರ್ಥವೇ ಬದಲಾಗುತ್ತದೆ.

ಎರಡನೆಯವರು ಇದನ್ನು ಹಿಡಿದರು. ಅವರು ಹೈಸ್ಕೂಲಿನ ಕನ್ನಡ ಅಕ್ಕೋರು. ದನಿ ಅಂಥ ದೊಡ್ಡದೇನಲ್ಲ, ಆದರೆ ಕಿವಿ ಮಾತ್ರ ಬಹಳ ಸೂಕ್ಷ್ಮ. ಮೊದಲನೇ ಪ್ರಾಕ್ಟೀಸಿನಲ್ಲೇ ಹಾಡು ನಿಲ್ಲಿಸಿ, 'ನೀವು ಈಗ ಏನ್ ಹಾಡಿದ್ರಿ?' ಅಂತ ಕೇಳಿದರು. ಪುಸ್ತಕದಲ್ಲಿ 'ಬಲ' ಅಂತ ಇತ್ತು. ರಾಗದಲ್ಲಿ 'ಬ' ಇರುವ ಕಡೆ ಎರಡು ಎಣಿಕೆಯ ಉದ್ದದ ಸ್ವರ. ನಾವು ಇಷ್ಟು ವರ್ಷ ದೇವರ ಮುಂದೆ ನಿಂತು 'ಬಾಲ' ಅಂತ ಹಾಡಿಕೊಂಡು ಬಂದಿದ್ದೆವು. ಹಾಗೇ 'ಹಳೆ' ಅನ್ನುವುದು 'ಹಾಳೆ' ಆಗಿತ್ತು, 'ಮನ' ಅನ್ನುವುದು 'ಮಾನ' ಆಗಿತ್ತು. ಯಾರ ಕಿವಿಗೂ ಬಿದ್ದಿರಲಿಲ್ಲ.

ಕೆಲವು ಕಡೆ ಉದ್ದ ಸ್ವರವನ್ನು ಎರಡಾಗಿ ಒಡೆದು, 'ಬ' ಬೇಗ ಮುಗಿಸಿ 'ಲ'ದ ಮೇಲೆ ನಿಲ್ಲಲು ಕಲಿಸಿದರು. ಕೆಲವು ಕಡೆ ಮಾತನ್ನೇ ಬದಲಿಸಿದರು. 'ಬಲ' ಇದ್ದಲ್ಲಿ ಪೆನ್ಸಿಲ್‌ನಲ್ಲಿ 'ತ್ರಾಣ' ಅಂತ ಬರೆಸಿದರು. ಅರ್ಥ ಅದೇ, ಅಕ್ಷರ ಮೊದಲೇ ಉದ್ದ, ಎಷ್ಟು ಬೇಕಾದರೂ ಎಳೆಯಬಹುದು. ಹಿರಿಯರೊಬ್ಬರು ಒಪ್ಪಲಿಲ್ಲ. ಪುಸ್ತಕದ ಮಾತು ಮುಟ್ಟಬ್ಯಾಡ್ರಿ ಅಂದರು. ಅಕ್ಕೋರು ವಾದ ಮಾಡಲಿಲ್ಲ. ನಮ್ಮಿಂದ ಎರಡೂ ಬಗೆಯಲ್ಲಿ ಹಾಡಿಸಿದರು, ಮೊದಲು ಹಳೆಯದು, ಆಮೇಲೆ ಹೊಸದು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಪುಸ್ತಕವನ್ನೂ ಅಕ್ಕೋರ ಮುಂದೆ ಇಟ್ಟರು.

ಅಕ್ಕೋರು ಅದೇ ಬೇಸಲ್ ಮಿಷನ್‌ನ ಕಿಟೆಲ್ ಅವರ ಹೆಸರನ್ನು ಬಹಳ ಪ್ರೀತಿಯಿಂದ ಹೇಳುತ್ತಿದ್ದರು. ಅವರ 1894ರ ಕನ್ನಡ ನಿಘಂಟು ಎಲ್ಲರಿಗೂ ಗೊತ್ತು. ಅದೇ ಕಿಟೆಲ್ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿಯನ್ನೂ ಅಚ್ಚು ಹಾಕಿಸಿದ್ದರು. 'ಪರದೇಶದಿಂದ ಬಂದವರು ನಮ್ಮ ಲಘು ಗುರು ಕಲತಾರ, ನಾವು ಹಾಡೂ ಮುಂದ ಮರೀಬಾರದು' ಅನ್ನುತ್ತಿದ್ದರು.

ಉಸಿರಿನ ಜಾಗವೂ ಬದಲಾಯಿತು. ನೀಲಿ ಗುರುತು ಇದ್ದದ್ದು ರಾಗ ನಿಲ್ಲುವಲ್ಲಿ. ಆದರೆ ಕನ್ನಡದ ಮಾತು ಉದ್ದ, ಹಲವು ಕಡೆ ರಾಗ ನಿಂತಾಗ ಮಾತು ಅರ್ಧಕ್ಕೆ ನಿಂತಿರುತ್ತಿತ್ತು. 'ಕರುಣೆ' ಅಂತ ನಿಲ್ಲಿಸಿ, ಉಸಿರು ಎಳೆದು, 'ಯಿಂದ' ಅಂತ ಮುಂದುವರಿಯುತ್ತಿದ್ದೆವು. ಅಕ್ಕೋರು ಪೆನ್ಸಿಲ್‌ನಲ್ಲಿ ಸಣ್ಣ ಗೀಟು ಹಾಕಿ ಉಸಿರನ್ನು ಮಾತಿನ ಆಚೆಗೆ ಸರಿಸಿದರು. ಅಷ್ಟು ಉದ್ದ ದಮ್ಮು ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೆ ಹೊಸ ಉಪಾಯ: ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬೇಡಿ. ಒಬ್ಬೊಬ್ಬರು ಒಂದೊಂದು ಕಡೆ ಕದ್ದು ಉಸಿರು ತೆಗೆದುಕೊಂಡರೆ ಹಾಡು ಎಲ್ಲೂ ತುಂಡಾಗುವುದಿಲ್ಲ. ಕೇಳಲು ಸುಲಭ. ಮಾಡಬೇಕಾದರೆ ಪಕ್ಕದವರ ಎದೆಯ ಏರಿಳಿತ ಗೊತ್ತಿರಬೇಕು. ಎಡಗಡೆ ನಿಲ್ಲುತ್ತಿದ್ದ ಗೆಳೆಯನ ಉಸಿರು ನನಗೆ ಅವನ ಮಾತಿಗಿಂತ ಜಾಸ್ತಿ ಪರಿಚಯ ಆಯಿತು.

ಮೂರನೆಯವನು ಹುಡುಗ, ಕೀಬೋರ್ಡಿನಲ್ಲಿ ಬಹಳ ಚುರುಕು. ಟ್ರ್ಯಾಕ್ ಹಾಕಿ ಸ್ಪೀಕರ್‌ನಲ್ಲಿ ಬಿಡುತ್ತಿದ್ದ, ನಾವು ಅದರ ಮೇಲೆ ಹಾಡುತ್ತಿದ್ದೆವು. ಶ್ರುತಿ ಇಳಿಯುವ ಮಾತೇ ಇಲ್ಲ, ತಾಳ ತಪ್ಪುವ ಮಾತೇ ಇಲ್ಲ. ಬರುವುದನ್ನೇ ನಿಲ್ಲಿಸಿದ್ದ ಹುಡುಗ ಹುಡುಗಿಯರು ಮತ್ತೆ ಬಂದರು, ಅದು ಸಣ್ಣ ಕೆಲಸ ಅಲ್ಲ. ಆದರೆ ಒಂದು ಕ್ರಿಸ್‌ಮಸ್ ರಾತ್ರಿ ಹಾಡಿನ ನಡುವೆ ಕರೆಂಟ್ ಹೋಯಿತು. ಸ್ಪೀಕರ್ ನಿಂತಿತು. ಒಂದೇ ಸಾಲಿನಲ್ಲಿ ನಾಲ್ಕು ಪಾರ್ಟ್ ಹೋಗಿ ಒಂದಾಯಿತು, ಎಲ್ಲರೂ ಸೊಪ್ರಾನೊ ರಾಗಕ್ಕೆ ಬಂದು ಸೇರಿದೆವು. ಪಕ್ಕದವರನ್ನು ಕೇಳಿಸಿಕೊಳ್ಳುವುದೇ ಮರೆತು ಹೋಗಿತ್ತು. ಮುಂದಿನ ವಾರ ಆ ಹುಡುಗ ತಾನಾಗಿ ನನ್ನ ಹತ್ತಿರ ಬಂದು, 'ಅಣ್ಣಾ, ಮಾಸ್ತರದು ಆ ಶ್ರುತಿಕವೆ ಎಲ್ಲೈತಿ?' ಅಂತ ಕೇಳಿದ. ಹುಡುಕಿ ಕೊಟ್ಟೆ. ಕೆಲಸದ ಮೇಲೆ ಬೇರೆ ಊರಿಗೆ ಹೋಗುವವರೆಗೂ ವಾರಕ್ಕೆ ಒಂದು ಹಾಡನ್ನಾದರೂ ಟ್ರ್ಯಾಕ್ ಇಲ್ಲದೆ ಹಾಡಿಸಿದ.

ಈಗ ನಡೆಸುತ್ತಿರುವವಳು ಆ ರಾತ್ರಿ ಸೊಪ್ರಾನೊ ಸಾಲಿನ ತುದಿಯಲ್ಲಿ ನಿಂತಿದ್ದ ಹುಡುಗಿ. ಧಾರವಾಡದಲ್ಲಿ ಹಿಂದೂಸ್ತಾನಿ ಕಲಿತಿದ್ದಾಳೆ. ಪ್ರಾಕ್ಟೀಸಿನಲ್ಲಿ ನಮ್ಮನ್ನು ಕಲೆಸಿ ನಿಲ್ಲಿಸುತ್ತಾಳೆ, ಬಾಸ್ ಪಕ್ಕ ಬಾಸ್ ಇರಬಾರದು. ನನ್ನ ಒಂದು ಕಡೆ ಆಲ್ಟೊ, ಇನ್ನೊಂದು ಕಡೆ ಟೆನರ್. ಮೊದಲ ವಾರ ನನಗೆ ದಾರಿಯೇ ಸಿಗಲಿಲ್ಲ. ತಿಂಗಳಾದ ಮೇಲೆ, ಇಷ್ಟು ವರ್ಷ ಹಾಡಿದ ಹಾಡಿನಲ್ಲಿ ಆಲ್ಟೊದವರು ಏನು ಹಾಡುತ್ತಾರೆ ಅಂತ ನನಗೆ ಮೊದಲ ಸಲ ಗೊತ್ತಾಯಿತು. ಎಷ್ಟು ಚೆಂದ ಇತ್ತು ಅದು! ಅವಳ ಕೈ ಬಹಳ ಚಿಕ್ಕದಾಗಿ ಆಡುತ್ತದೆ, ಎದೆಯಿಂದ ಆಚೆ ಹೋಗುವುದಿಲ್ಲ. ನೋಡದಿದ್ದರೆ ತಪ್ಪಿಸಿಕೊಳ್ಳುತ್ತೀರಿ, ಅದಕ್ಕೇ ಎಲ್ಲರೂ ನೋಡುತ್ತಾರೆ.

ಹೋದ ವರ್ಷ ಹೊಸ ಮಕ್ಕಳು ಸೇರಿದಾಗ ಪುಸ್ತಕ ಸಾಲಲಿಲ್ಲ. 'ಅಂಕಲ್, ನಿಮ್ಮದು ಕೊಡ್ರಿ, ಝೆರಾಕ್ಸ್ ಮಾಡಸ್ತೀನಿ' ಅಂದಳು. ಕೊಡುವ ಮುಂಚೆ ಇಬ್ಬರೂ ಕೂತು ಪುಟ ತಿರುವಿದೆವು. ಮಾಸ್ತರರ ನೀಲಿ ಶಾಯಿ, ಅಳಿಸಲು ಬರುವುದಿಲ್ಲ. ಅಕ್ಕೋರ ಪೆನ್ಸಿಲ್, ಅಳಿಸಲು ಮನಸ್ಸು ಬರಲಿಲ್ಲ. ಅಲ್ಲಲ್ಲಿ ಅವಳದೇ ಕೆಂಪು ಗುರುತು. ಹಾಗೇ ಇರಲಿ ಅಂದೆವು.

ಝೆರಾಕ್ಸ್‌ನಲ್ಲಿ ನೀಲಿ, ಕೆಂಪು, ಪೆನ್ಸಿಲ್ ಎಲ್ಲವೂ ಒಂದೇ ಕಪ್ಪಾಗಿ ಬಂದವು. ಗುರುವಾರದ ಪ್ರಾಕ್ಟೀಸಿನಲ್ಲಿ ಹೊಸ ಟೆನರ್ ಹುಡುಗ ಹಾಳೆ ಹಿಡಿದು ಎದ್ದು ನಿಂತ. 'ಅಕ್ಕಾ, ಈ ಒಂದ ಸಾಲಿನ್ಯಾಗ ಮೂರು ಗುರುತು ಅದಾವ. ಉಸರು ಎಲ್ಲಿ ತಗೊಳ್ಲಿ?'

'ಹಾಳಿ ಕೆಳಗ ಇಡು. ನನ್ನ ಕೈ ನೋಡು' ಅಂದಳು.