ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಹೊಳೀತಿದೆ, ಕ್ಯಾನ್ಸರ್ ಹರಡಿಬಿಟ್ಟಿದ್ಯಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 69 ವರ್ಷ, ಬಯಾಪ್ಸಿಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬಂತು, ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರಿನದು ಅಂತ ಹೇಳೋ ಅಂಕ) 4+3. ಆಪರೇಷನ್‌ಗೆ ಮುಂಚೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿದ್ರು. ಮೂಳೆಲಿ ಏನೂ ಇಲ್ವಂತೆ, ಆದ್ರೆ ಥೈರಾಯ್ಡ್‌ನ ಬಲಗಡೆ ಒಂದು ಗಂಟು ಹೊಳೀತಿದೆ, ಶ್ವಾಸಕೋಶದಲ್ಲಿ 4 ಎಂಎಂ ಚುಕ್ಕೆ ಇದೆ ಅಂತ ರಿಪೋರ್ಟ್. ಕುತ್ತಿಗೆಗೂ ಹೋಗಿಬಿಟ್ಟಿದ್ಯಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ: ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ್ರೆ ಸಾಮಾನ್ಯವಾಗಿ ಮೊದಲು ಹೋಗೋದು ಹೊಟ್ಟೆ ಕೆಳಗಿನ ಲಿಂಫ್ ಗ್ರಂಥಿಗಳಿಗೆ, ಮೂಳೆಗೆ. ಅವೆಲ್ಲ ಬಿಟ್ಟು ನೇರ ಥೈರಾಯ್ಡ್‌ಗೆ ಹೋಗೋದು ತುಂಬಾ ಅಪರೂಪ, ಹಾಗಾಗಿ ಇದನ್ನ ಹರಡಿದ್ದು ಅಂತ ಈಗ್ಲೇ ಲೆಕ್ಕ ಹಾಕ್ಬೇಡಿ.

ಗೊಂದಲಕ್ಕೆ ಅರ್ಧ ಕಾರಣ ಆ ಹೆಸರು. ಪಿಎಸ್‌ಎಂಎಲಿ ಪಿ ಅಂದ್ರೆ ಪ್ರಾಸ್ಟೇಟ್, ಅದೊಂದು ಪ್ರೋಟೀನ್, ಸ್ಕ್ಯಾನ್‌ಗೆ ಮುಂಚೆ ಕೊಡೋ ಔಷಧಿ ಅದಕ್ಕೆ ಅಂಟಿಕೊಂಡ ಜಾಗ ಹೊಳೆಯುತ್ತೆ. ಆದ್ರೆ ಈ ಪ್ರೋಟೀನ್ ಪ್ರಾಸ್ಟೇಟ್‌ನಲ್ಲಷ್ಟೇ ಅಲ್ಲ, ಬೇರೆ ಕಡೆನೂ ಇರುತ್ತೆ. ಅದೇ ರಿಪೋರ್ಟ್‌ನ ಚಿತ್ರ ತೆಗೆದು ನೋಡಿ, ಜೊಲ್ಲು ಗ್ರಂಥಿ, ಕಣ್ಣೀರು ಗ್ರಂಥಿ, ಎರಡೂ ಕಿಡ್ನಿ ಬಲ್ಬ್ ಹಾಕಿದಂಗೆ ಉರೀತಿರುತ್ತೆ, ಅದು ಎಲ್ರಿಗೂ ಹಾಗೇ. ಬೇರೆ ಗಡ್ಡೆಗಳು ಬೆಳೆಯೋಕೆ ಹೊಸ ರಕ್ತನಾಳ ಮಾಡ್ಕೊಳ್ಳುತ್ತಲ್ಲ, ಆ ನಾಳಗಳಲ್ಲೂ ಇದು ಸಿಗುತ್ತೆ, ಹಾಗಾಗಿ ಥೈರಾಯ್ಡ್, ಶ್ವಾಸಕೋಶ, ಕಿಡ್ನಿ ಕ್ಯಾನ್ಸರ್ ಕೆಲವೊಮ್ಮೆ ಹುಡುಕದೇನೇ ಸಿಕ್ಕಿಬೀಳುತ್ತೆ. ಕಿಡ್ನಿದು ಮಾತ್ರ ತಮಾಷೆ, ಅದು ತಾನೇ ಅಷ್ಟು ಹೊಳೆಯೋದ್ರಿಂದ ಒಳಗಿರೋ ಗಡ್ಡೆ ಆ ಬೆಳಕಲ್ಲಿ ಅಡಗಿಕೊಂಡುಬಿಡಬಹುದು, ಅದಕ್ಕೇ ಜೊತೆಗಿರೋ ಸಿಟಿ ಚಿತ್ರಾನೂ ಗಮನ ಇಟ್ಟು ನೋಡ್ತೀವಿ.

ಥೈರಾಯ್ಡ್‌ನಲ್ಲಿ ಹೊಳೆಯೋ ಗಂಟು ಎಷ್ಟೋ ಸಲ ಬರೀ ಸಾಧಾರಣ ಗಂಟಾಗಿರುತ್ತೆ, ಆದ್ರೆ ಕೆಲವು ಥೈರಾಯ್ಡ್‌ನದ್ದೇ ಕ್ಯಾನ್ಸರ್ ಆಗಿರೋದೂ ಉಂಟು, ಸುಮ್ನೆ ಬಿಡೋ ಹಾಗಿಲ್ಲ. ಕುತ್ತಿಗೆ ಅಲ್ಟ್ರಾಸೌಂಡ್ ಮಾಡ್ಸಿ, ಬೇಕು ಅಂದ್ರೆ ಎಫ್‌ಎನ್‌ಎಸಿ, ಅಂದ್ರೆ ಸಣ್ಣ ಸೂಜಿ ಹಾಕಿ ಗಂಟಿನ ಜೀವಕೋಶ ತೆಗೆದು ನೋಡೋ ಪರೀಕ್ಷೆ. ಕ್ಯಾನ್ಸರ್ ಅಂತಾನೇ ಬಂದ್ರೂ ಥೈರಾಯ್ಡ್‌ನದ್ದು ಬಹುಪಾಲು ನಿಧಾನಕ್ಕೆ ಬೆಳೆಯೋ ಜಾತಿ, ಯಾವುದನ್ನ ಮೊದಲು ನೋಡ್ಕೋಬೇಕು ಅಂತ ಇಬ್ರೂ ಸರ್ಜನ್‌ಗಳು ಕೂತು ಮಾತಾಡೋಕೆ ಟೈಮ್ ಇರುತ್ತೆ.

4 ಎಂಎಂ ಚುಕ್ಕೆ ವಿಷಯಕ್ಕೆ ಬಂದ್ರೆ, ಅಷ್ಟು ಚಿಕ್ಕದರ ಬಗ್ಗೆ ಪೆಟ್ ಏನೂ ಖಚಿತವಾಗಿ ಹೇಳಲ್ಲ. ಹಳೇ ಎದೆ ಸಿಟಿ ಇದ್ರೆ ಹುಡುಕಿ ತಗೊಂಡ್ಹೋಗಿ, ಆವಾಗ್ಲೂ ಅಷ್ಟೇ ಇದ್ರೆ ಅರ್ಧ ಚಿಂತೆ ಅಲ್ಲೇ ಕಮ್ಮಿ. ಇಲ್ಲಾಂದ್ರೆ ಕೆಲವು ತಿಂಗಳು ಬಿಟ್ಟು ಇನ್ನೊಂದು ಸಿಟಿ ಮಾಡ್ತಾರೆ, ಸಿಗರೇಟ್ ಅಭ್ಯಾಸ ಇದ್ದಿದ್ರೆ ಡಾಕ್ಟ್ರ ಹತ್ರ ಮುಚ್ಚಿಡಬೇಡಿ.

ಇನ್ನು ಅಪ್ಪನಿಗೆ ಹೇಳಿಬಿಡಿ. ಕಾಯಿಲೆ ಕೆಳಗಿದ್ರೆ ಸೂಜಿ ಯಾಕೆ ಕುತ್ತಿಗೆಗೆ ಅಂತ ಅವ್ರು ಹೇಗೂ ಕೇಳೇ ಕೇಳ್ತಾರೆ.