ಎಲ್ಲರಿಗೂ ‘ಸೂಪರ್’ ಎಂದು ಬರೆಯತೊಡಗಿದವರು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ‘ಅವರು’ ಎಂದರೆ ಸಾಕು.

ಅವರಿಗೆ ಐವತ್ತು ದಾಟಿದೆ. ಫೋಟೋ ರೀಟಚಿಂಗ್‌ನಲ್ಲಿ ವರ್ಷಗಟ್ಟಲೆ ಪಳಗಿದ ಕೈ. ಈಗ ಬಿಡುವಿನ ವೇಳೆಯಲ್ಲಿ ಹವ್ಯಾಸಿಗಳ ಒಂದು ಬಳಗ ನಡೆಸುತ್ತಾರೆ. ತಿಂಗಳಿಗೊಂದು ಎಡಿಟಿಂಗ್ ಚಾಲೆಂಜ್ ಇರುತ್ತದೆ. ಎಲ್ಲರಿಗೂ ಒಂದೇ ಫೋಟೋ ಕೊಡುತ್ತಾರೆ. ಅದನ್ನು ಇಟ್ಟುಕೊಂಡು ಯಾರಿಗೆ ಏನು ತೋಚುತ್ತದೋ ಹಾಗೆ ಎಡಿಟ್ ಮಾಡಿ ಎಂಟ್ರಿ ಕಳಿಸಬೇಕು. ಪ್ರತಿ ಎಂಟ್ರಿಗೂ ಇವರು ನಾಲ್ಕು ಸಾಲು ಫೀಡ್‌ಬ್ಯಾಕ್ ಬರೆದು, ಹತ್ತಕ್ಕೆ ಇಷ್ಟು ಅಂತ ಅಂಕವನ್ನೂ ಕೊಡುತ್ತಿದ್ದರು.

ನನ್ನ ಬಳಿ ಬಂದಾಗ ಅವರು ಹೇಳಿದ್ದು ನಿದ್ದೆಯ ವಿಷಯ. ಫೀಡ್‌ಬ್ಯಾಕ್ ಕೊಡಬೇಕಾದ ದಿನ ಹತ್ತಿರ ಬಂದರೆ ನಿದ್ದೆ ಬರುವುದಿಲ್ಲ. ‘ಮೇಡಂ, ಫೈಲ್ ತೆಗೆದರೆ ಸಾಕು, ಎದೆ ಹೊಡೆದುಕೊಳ್ಳುತ್ತೆ. ಏನು ಬರೆದರೂ ಯಾರಿಗೋ ನೋವಾಗುತ್ತೆ. ಬರೆಯದೇ ಇದ್ದರೆ ಕೆಲಸಕ್ಕೇ ಮೋಸ ಮಾಡಿದ ಹಾಗಾಗುತ್ತೆ’ ಎಂದರು.

ಇದರ ಹಿಂದೆ ಒಂದು ಘಟನೆ ಇತ್ತು. ಬಳಗಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ತನ್ನ ಮೊದಲ ಕಾಂಪೊಸಿಟ್ ಕಳಿಸಿದ್ದಳು. ಒಂದು ಫೋಟೋದಲ್ಲಿದ್ದ ವ್ಯಕ್ತಿಯನ್ನು ಇನ್ನೊಂದು ಫೋಟೋದ ಹಿನ್ನೆಲೆಗೆ ಸೇರಿಸಿದ್ದಳು. ಅದಕ್ಕೆ ಇವರು ಬರೆದದ್ದು ಹೀಗೆ: ‘ಇದನ್ನು ಎಡಿಟಿಂಗ್ ಅನ್ನೋದಿಲ್ಲ. ಕಾಟಾಚಾರಕ್ಕೆ ಕತ್ತರಿಸಿ ಅಂಟಿಸಿದ ಹಾಗಿದೆ. ಬೆಳಕಿನ ಗಮನವೇ ಇಲ್ಲ. ಕಲಿಯುವ ಮನಸ್ಸಿದ್ದರೆ ಮಾತ್ರ ಮುಂದಿನ ಸಲ ಕಳಿಸಿ.’ ಜೊತೆಗೆ ಹತ್ತಕ್ಕೆ ಮೂರು ಅಂಕ. ಆ ಹುಡುಗಿ ಏನೂ ಹೇಳದೆ ಬಳಗ ಬಿಟ್ಟಳು. ಕೂದಲಿನ ಒಂದೊಂದು ಎಳೆಯನ್ನೂ ಮಾಸ್ಕ್ ಮಾಡಲು, ಅಂದರೆ ಹಿನ್ನೆಲೆಯಿಂದ ಬಿಡಿಸಿಕೊಳ್ಳಲು, ಅವಳು ರಾತ್ರಿಗಟ್ಟಲೆ ಕೂತಿದ್ದಳು ಅಂತ ಆಮೇಲೆ ಯಾರೋ ಹೇಳಿದರು. ಮುಂದಿನ ತಿಂಗಳು ಎಂಟ್ರಿಗಳೇ ಕಡಿಮೆಯಾದವು.

ಅಲ್ಲಿಂದ ಇವರು ಪೂರ್ತಿ ಬದಲಾದರು. ಎಲ್ಲರಿಗೂ ‘ಸೂಪರ್’, ‘ತುಂಬಾ ಚೆನ್ನಾಗಿದೆ’, ಎಂಟು ಅಂಕ. ಯಾರೂ ಮುನಿಸಿಕೊಳ್ಳಲಿಲ್ಲ. ಆದರೆ ಬಳಗದ ಹಳೆಯ ಸದಸ್ಯರೊಬ್ಬರು ಫೋನ್ ಮಾಡಿ, ‘ಸಾರ್, ಈಗೀಗ ನೀವು ನಮ್ಮ ಕೆಲಸ ನೋಡ್ತಾನೇ ಇಲ್ಲ ಅನ್ಸುತ್ತೆ’ ಎಂದರಂತೆ. ಬೈಗುಳಕ್ಕಿಂತ ಆ ಮಾತು ಅವರನ್ನು ಜಾಸ್ತಿ ಕಾಡಿತ್ತು. ಸರಿಯಾಗಿಯೇ ಕಾಡಿತ್ತು ಅಂತ ನನಗನ್ನಿಸಿತು. ಒಬ್ಬರು ಗಂಟೆಗಟ್ಟಲೆ ಕೂತು ಮಾಡಿದ್ದನ್ನು ನೋಡದೆಯೇ ಹೊಗಳಿದರೆ ಅದು ಗೊತ್ತಾಗದೆ ಇರುವುದಿಲ್ಲ.

ಹೇಗೆ ಬರೆಯಬೇಕು ಅನ್ನುವುದನ್ನು ನಾನು ಮೊದಲಿಗೇ ಹೇಳಲಿಲ್ಲ. ‘ನೀವು ಈ ಕೆಲಸ ಕಲಿತದ್ದು ಹೇಗೆ?’ ಅಂತ ಕೇಳಿದೆ. ಅವರ ಹಿರಿಯರು ಪ್ರೂಫ್ ಪ್ರಿಂಟ್ (ಕೊನೆಯ ಪ್ರಿಂಟ್‌ಗೆ ಮುಂಚೆ ಪರೀಕ್ಷೆಗೆ ತೆಗೆದ ಪ್ರತಿ) ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕೊಡುತ್ತಿದ್ದರಂತೆ. ಸರಿ ಇದ್ದದ್ದರ ಬಗ್ಗೆ ಮಾತೇ ಇಲ್ಲ. ಬೈಗುಳವಿಲ್ಲದ ದಿನವೇ ಹೊಗಳಿಕೆಯ ದಿನ. ಅಲ್ಲಿ ಅದಕ್ಕೊಂದು ಕಾರಣವಿತ್ತು. ಪ್ರಿಂಟ್ ಆಗಿಹೋದ ಮೇಲೆ ತಿದ್ದಲು ಆಗುವುದಿಲ್ಲ, ಹಣ ಕೊಟ್ಟ ಗ್ರಾಹಕರು ಕಾಯುತ್ತಿರುತ್ತಾರೆ. ಹವ್ಯಾಸಿಯ ಎಂಟ್ರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದನ್ನು ಇವತ್ತೇ ಸರಿ ಮಾಡಬೇಕಾದ ತುರ್ತು ಇಲ್ಲ. ಆ ವ್ಯಕ್ತಿ ಮುಂದಿನ ತಿಂಗಳೂ ಕೂತು ಎಡಿಟ್ ಮಾಡಬೇಕು, ಅಷ್ಟೇ.

‘ಹಾಗಾದರೆ ನಿಜ ಹೇಳಲೇಬಾರದಾ? ನಿಜ ಹೇಳದೆ ಯಾರಾದರೂ ಕಲಿಯುತ್ತಾರಾ?’ ಎಂದು ಅವರು ಸ್ವಲ್ಪ ಬಿಸಿಯಾಗಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ಒಂದು ಸಂಶೋಧನೆಯನ್ನು ನೆನಪಿಸಿದೆ. ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು 1996ರಲ್ಲಿ ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಸರಾಸರಿ ನೋಡಿದರೆ ಫೀಡ್‌ಬ್ಯಾಕ್‌ನಿಂದ ಉಪಯೋಗವಿತ್ತು. ಆದರೆ ಮೂರನೇ ಒಂದು ಭಾಗಕ್ಕೂ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಸಿಕ್ಕ ಮೇಲೆ ಕೆಲಸದ ಮಟ್ಟ ಇಳಿದಿತ್ತು. ಅವರು ಕೊಟ್ಟ ವಿವರಣೆ ಇಷ್ಟು: ಗಮನ ಕೆಲಸದ ಮೇಲೆ ಉಳಿದರೆ ಫೀಡ್‌ಬ್ಯಾಕ್ ನೆರವಾಗುತ್ತದೆ, ‘ನಾನು ಎಂಥವನು’ ಎಂಬುದರ ಕಡೆ ಹೊರಳಿದರೆ ಅದರ ಬಲ ಕುಂದುತ್ತದೆ. ಬೈಗುಳಕ್ಕೆ ಮಾತ್ರವಲ್ಲ, ಹೊಗಳಿಕೆಗೂ ಇದು ಸಲ್ಲುತ್ತದೆ.

ಆಮೇಲೆ ಅವರ ಕೈಗೆ ಎರಡು ಬಣ್ಣದ ಪೆನ್ ಕೊಟ್ಟೆ. ಆ ಹುಡುಗಿಗೆ ಬರೆದ ನಾಲ್ಕು ಸಾಲನ್ನು ಕಾಗದದ ಮೇಲೆ ಮತ್ತೆ ಬರೆಸಿದೆ. ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದಾದ ಮಾತಿಗೆ ನೀಲಿ ಗೆರೆ, ಆ ವ್ಯಕ್ತಿಯ ಬಗ್ಗೆ ಕೊಟ್ಟ ತೀರ್ಪಿಗೆ ಕೆಂಪು ಗೆರೆ ಹಾಕಿ ಅಂದೆ. ನೀಲಿ ಗೆರೆ ಎಲ್ಲೂ ಬೀಳಲಿಲ್ಲ. ‘ಬೆಳಕಿನ ಗಮನವೇ ಇಲ್ಲ’ ಎಂಬ ಸಾಲಿನ ಮೇಲೆ ಅವರು ಪೆನ್ ಹಿಡಿದು ತುಂಬಾ ಹೊತ್ತು ಕೂತರು. ಕೊನೆಗೆ ಅದಕ್ಕೂ ಕೆಂಪು ಗೆರೆ ಹಾಕಿದರು. ‘ಇದೂ ಅವಳ ಬಗ್ಗೆಯೇ ಇದೆ, ಬೆಳಕಿನ ಬಗ್ಗೆ ಇಲ್ಲ’ ಎಂದರು.

‘ಸರಿ, ಆ ಚಿತ್ರದಲ್ಲಿ ನಿಮ್ಮ ಕಣ್ಣು ಕಂಡದ್ದೇನು? ನನಗೆ ಎಡಿಟಿಂಗ್ ಗೊತ್ತಿಲ್ಲ, ಹೇಳಿ’ ಅಂದೆ. ಆಗ ಅವರು ಬೇರೆಯೇ ಮನುಷ್ಯರಾದರು. ಹಿನ್ನೆಲೆಯಲ್ಲಿ ಸೂರ್ಯ ಎಡಗಡೆ ಇದ್ದಾನೆ, ವ್ಯಕ್ತಿಯ ಮುಖಕ್ಕೆ ಬೆಳಕು ಬಲದಿಂದ ಬಿದ್ದಿದೆ. ಪಾದ ನೆಲಕ್ಕೆ ತಾಗುವಲ್ಲಿ ನೆರಳಿಲ್ಲ, ಹಾಗಾಗಿ ಮನುಷ್ಯ ತೇಲಿದ ಹಾಗೆ ಕಾಣುತ್ತಾನೆ. ಹಿನ್ನೆಲೆ ಸಂಜೆಯ ಬೆಚ್ಚನೆಯ ಬಣ್ಣದ್ದು, ವ್ಯಕ್ತಿ ಮಾತ್ರ ನೀಲಿ ಛಾಯೆಯಲ್ಲಿದ್ದಾನೆ. ಹಿನ್ನೆಲೆ ಫೋಟೋದಲ್ಲಿ ಗ್ರೇನ್ (ಸಣ್ಣ ಚುಕ್ಕಿಗಳಂಥ ತರಿ) ಇದೆ, ವ್ಯಕ್ತಿಯ ಫೋಟೋ ನುಣುಪಾಗಿದೆ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಎಳ್ಳಷ್ಟೂ ಕೋಪವಿರಲಿಲ್ಲ. ‘ಇದಕ್ಕೆ ಪರಿಹಾರ?’ ಎಂದೆ. ‘ತುಂಬಾ ಸುಲಭ. ವ್ಯಕ್ತಿಯ ಲೇಯರನ್ನು, ಅಂದರೆ ಅವನ ಚಿತ್ರವಿರುವ ಪದರವನ್ನು, ಎಡದಿಂದ ಬಲಕ್ಕೆ ತಿರುಗಿಸಿದರೆ ಬೆಳಕಿನ ದಿಕ್ಕು ಅರ್ಧಕ್ಕರ್ಧ ಸರಿಹೋಗುತ್ತೆ. ಬಟ್ಟೆ ಮೇಲೆ ಅಕ್ಷರ ಇರಬಾರದು ಅಷ್ಟೇ, ಇದ್ದರೆ ಉಲ್ಟಾ ಆಗುತ್ತೆ. ಆಮೇಲೆ ಕಾಲ ಕೆಳಗೆ ಒಂದು ಹೊಸ ಲೇಯರ್‌ನಲ್ಲಿ ನೆರಳು ಹಾಕಬೇಕು. ಪಾದದ ಹತ್ತಿರ ಗಾಢವಾಗಿ, ದೂರ ಹೋದಂತೆ ತಿಳಿಯಾಗಿ.’

ಅವರ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಇಷ್ಟು ಕಾಣುವ ಕಣ್ಣು ಹವ್ಯಾಸಿಗಳಿಗೆ ಸಿಗುವುದೇ ಅಪರೂಪ. ಆದರೆ ಕಂಡದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಂಡು, ಅದರಿಂದ ತಾವು ಕಟ್ಟಿದ ತೀರ್ಪನ್ನು ಮಾತ್ರ ಕಳಿಸುತ್ತಿದ್ದರು. ‘ನೀವು ನನಗೆ ಈಗ ಹೇಳಿದ್ದನ್ನೇ ಬರೆದರೆ ಸಾಕಿತ್ತು’ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದಿನ ಭೇಟಿಯಲ್ಲಿ ಅವರೇ ಒಂದು ವಿಷಯ ತೆಗೆದರು. 1857ರಲ್ಲಿ ಆಸ್ಕರ್ ರೇಲಾಂಡರ್ ಎಂಬ ಫೋಟೋಗ್ರಾಫರ್ ಸುಮಾರು 30 ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ್ದರು. ಇವತ್ತಿನ ಕಾಂಪೊಸಿಟ್ ಕೆಲಸದ ಅಜ್ಜ ಅಂತಲೇ ಹೇಳಬಹುದು. ಆ ಕಾಲದಲ್ಲಿ ಅದಕ್ಕೆ ಮೆಚ್ಚುಗೆಯೂ ಬಂತು, ಕಟುವಾದ ಟೀಕೆಯೂ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ, ಇಂಥ ಚಿತ್ರಗಳನ್ನು ಜನರೆದುರು ಇಟ್ಟು ಸಾಕಾಗಿದೆ ಅಂತ ರೇಲಾಂಡರ್ ಗೆಳೆಯನಿಗೆ ಪತ್ರ ಬರೆದರು. ‘ಅಷ್ಟು ದೊಡ್ಡವರೇ ಬೇಸತ್ತು ಬಿಟ್ಟರು ಮೇಡಂ. ಆ ಹುಡುಗಿ ಇನ್ನೇನು ಮಾಡಿಯಾಳು’ ಎಂದರು. ಸಮಾಧಾನ ಹೇಳುವ ಸಮಯ ಅದಲ್ಲ ಅನ್ನಿಸಿತು. ಆ ನೋವನ್ನು ಅವರು ತಾವಾಗಿಯೇ ಮುಟ್ಟಿದ್ದರು. ಹಾಗಾಗಿ ನಾನು ಸುಮ್ನೆ ಕೇಳಿಸಿಕೊಂಡೆ.

ನಾನು ಕೊಟ್ಟ ಸಲಹೆಗಳು ಒಂದೇ ದಿನ ಕೊಟ್ಟವಲ್ಲ. ಮಾತಿನ ನಡುವೆ ಬಂದವು, ಕೆಲವು ಅವರದ್ದೇ ಯೋಚನೆಗಳು.

ಮೊದಲು ಅಂಕ ನಿಲ್ಲಿಸಿ ಅಂದೆ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಶಾಲಾ ಮಕ್ಕಳ ಮೇಲೆ ನಡೆದದ್ದು. ಕೆಲವರಿಗೆ ಬರಿ ಅಂಕ, ಕೆಲವರಿಗೆ ಬರಿ ಮಾತಿನ ಫೀಡ್‌ಬ್ಯಾಕ್, ಉಳಿದವರಿಗೆ ಎರಡೂ. ಮಾತು ಮಾತ್ರ ಸಿಕ್ಕ ಮಕ್ಕಳಲ್ಲಿ ಆಸಕ್ತಿ ಉಳಿಯಿತು, ಕೆಲಸವೂ ಸುಧಾರಿಸಿತು. ಅಂಕ ಸೇರಿಸಿದಲ್ಲಿ ಮಾತಿನ ಲಾಭ ಹೋಯಿತು. ದೊಡ್ಡವರೂ ಹಾಗೇ ಅಲ್ವಾ? ಹತ್ತಕ್ಕೆ ಮೂರು ಅಂತ ಕಂಡ ಮೇಲೆ ಕೆಳಗಿನ ಸಾಲು ಯಾರು ಓದುತ್ತಾರೆ? ಬಹುಮಾನ ಕೊಡುವುದಿದ್ದರೆ ಅದನ್ನು ಬೇರೆ ದಿನ, ಬೇರೆಯಾಗಿಯೇ ಹೇಳಿ ಎಂದೆ.

ಎರಡನೆಯದು, ಎಂಟ್ರಿಯ ಜೊತೆಗೆ ಎರಡು ಸಾಲು ಬರೆಸಿಕೊಳ್ಳುವುದು. ಈ ಚಿತ್ರದಿಂದ ನಿಮಗೆ ಏನು ಆಗಬೇಕಿತ್ತು? ಎಲ್ಲಿ ಸಿಕ್ಕಿಹಾಕಿಕೊಂಡಿರಿ? ನೃತ್ಯ ಕಲಾವಿದೆ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಒಂದು ಕ್ರಮದಲ್ಲಿಯೂ ಇದೇ ಬಗೆಯ ಗೌರವವಿದೆ. ಅಲ್ಲಿ ಕಲಾವಿದರೂ ಪ್ರಶ್ನೆ ಕೇಳುತ್ತಾರೆ, ನೋಡುವವರು ಅಭಿಪ್ರಾಯ ಹೇಳುವ ಮುಂಚೆ ಅನುಮತಿ ಕೇಳುತ್ತಾರೆ. ಈ ಎರಡು ಸಾಲಿನ ಉಪಯೋಗ ಬೇಗನೇ ಕಂಡಿತು. ಒಬ್ಬರ ಎಂಟ್ರಿಯಲ್ಲಿ ಅಂಚುಗಳು ಒರಟಾಗಿ, ಎದ್ದು ಕಾಣುವ ಹಾಗಿದ್ದವು. ಮೊದಲಾಗಿದ್ದರೆ ಇವರು ‘ಮಾಸ್ಕ್ ಮಾಡಲು ಬರುವುದಿಲ್ಲ’ ಅಂತ ಬರೆಯುತ್ತಿದ್ದರು. ಆ ವ್ಯಕ್ತಿ ಬರೆದಿದ್ದು: ‘ಹಳೆಯ ಪತ್ರಿಕೆಯಿಂದ ಹರಿದು ಅಂಟಿಸಿದ ಹಾಗೆ ಕಾಣಬೇಕು.’ ಅಲ್ಲಿ ಒರಟು ಅಂಚೇ ಚಿತ್ರದ ಜೀವ. ಹಾಗಾದರೆ ಕೇಳಬೇಕಾದ ಪ್ರಶ್ನೆ, ಅದು ಸಾಕಷ್ಟು ಒರಟಾಗಿದೆಯಾ ಅನ್ನುವುದು.

ಇಲ್ಲಿ ರುಚಿ ಬೇರೆ, ತಪ್ಪು ಬೇರೆ ಅನ್ನುವ ಮಾತೂ ಬಂತು. ಅವರಿಗೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಜಾಸ್ತಿ ಇರುವ ಚಿತ್ರ ಕಂಡರೆ ಆಗುವುದಿಲ್ಲ. ಅದು ಅವರ ರುಚಿ. ಬಣ್ಣ ಏರಿಸಿದ್ದರಿಂದ ಹೂವಿನ ದಳಗಳ ಗೆರೆಗಳೇ ಅಳಿಸಿಹೋಗಿ ಬರಿ ಕೆಂಪು ಮುದ್ದೆ ಆಗಿದ್ದರೆ ಅದನ್ನು ಚಿತ್ರದಲ್ಲಿ ತೋರಿಸಬಹುದು. ರುಚಿಯ ಮಾತಾದರೆ ‘ನನಗೆ ಹೀಗನ್ನಿಸುತ್ತದೆ’ ಅಂತ ಹೇಳಿಯೇ ಬರೆಯಬೇಕು, ಇಲ್ಲವೇ ಬಿಡಬೇಕು.

ಹೊಸಬರಿಗೆ ಒಂದೇ ಸಲಹೆ ಸಾಕು. ಕಂಡ ಏಳು ತಪ್ಪನ್ನೂ ಹೇಳಿದರೆ ಯಾವುದರಿಂದ ಶುರು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಆ ಒಂದನ್ನು ಆರಿಸುವುದರಲ್ಲೇ ಅನುಭವಿಯ ಬೆಲೆ ಇದೆ. ಯಾವುದನ್ನು ಸರಿ ಮಾಡಿದರೆ ಚಿತ್ರ ಅತಿ ಹೆಚ್ಚು ಬದಲಾಗುತ್ತದೋ ಅದನ್ನು ಹೇಳಬೇಕು. ಆ ಹುಡುಗಿಯ ಚಿತ್ರದಲ್ಲಿ ಅದು ಕಾಲ ಕೆಳಗಿನ ನೆರಳು. ‘ಎಲ್ಲವನ್ನೂ ಹೇಳಿ’ ಅಂತ ತಾವಾಗಿ ಕೇಳುವವರಿಗೆ ಎಲ್ಲವನ್ನೂ ಹೇಳಬಹುದು.

ಹೊಗಳಿಕೆಗೂ ಬೆರಳಿಟ್ಟು ತೋರಿಸುವ ನಿಯಮವೇ. ‘ಸೂಪರ್’ ಬದಲು, ‘ಕೂದಲಿನ ಅಂಚು ಎಷ್ಟು ಮೃದುವಾಗಿ ಬಂದಿದೆ ಅಂದರೆ ಹಿನ್ನೆಲೆ ಬದಲಾಗಿದೆ ಅಂತ ಗೊತ್ತಾಗುವುದಿಲ್ಲ’ ಅಂತ ಬರೆಯಬೇಕು. ಆಗ ಆಕೆಗೆ ತಾನು ಏನು ಸರಿಯಾಗಿ ಮಾಡಿದೆ ಅಂತ ತಿಳಿಯುತ್ತದೆ, ಮತ್ತೆ ಅದನ್ನೇ ಮಾಡಬಹುದು. ಎರಡು ಹೊಗಳಿಕೆಗಳ ನಡುವೆ ಒಂದು ಟೀಕೆ ಹುದುಗಿಸುವ ಪದ್ಧತಿ ಬಗ್ಗೆಯೂ ಅವರು ಕೇಳಿದರು. ನನಗೆ ಅದು ಇಷ್ಟವಿಲ್ಲ. ಕೆಲ ಕಾಲದಲ್ಲೇ ಜನ ಹೊಗಳಿಕೆ ಓದಿದ ಕೂಡಲೇ ಮುಂದಿನ ಏಟಿಗೆ ತಯಾರಾಗುತ್ತಾರೆ. ಮೆಚ್ಚಿದ್ದನ್ನು ಮೆಚ್ಚಿದ್ದೇವೆಂದೇ ಹೇಳಬೇಕು.

ಬಣ್ಣದ ಬಗ್ಗೆ ಬರೆಯುವ ಮುಂಚೆ ತಮ್ಮ ಪರದೆಯನ್ನು ನೋಡಿಕೊಳ್ಳುವುದು ಅವರದ್ದೇ ಸೇರ್ಪಡೆ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲೆಂದು ಪರದೆ ಹಳದಿಗೆ ತಿರುಗುವ ವ್ಯವಸ್ಥೆ ಆನ್ ಆಗಿದ್ದರೆ ಎಲ್ಲರ ಚಿತ್ರವೂ ಹಳದಿಯಾಗಿಯೇ ಕಾಣುತ್ತದೆ. ಹಾಗೆಯೇ, ಮೆಸೇಜಿಂಗ್ ಆ್ಯಪ್ ಮೂಲಕ ಕಳಿಸಿದ ಚಿತ್ರ ಕುಗ್ಗಿ ಚೌಕ ಚೌಕವಾಗಿ ಕಂಡರೆ ಅದು ಎಡಿಟ್ ಮಾಡಿದವರ ತಪ್ಪಲ್ಲ. ಮೂಲ ಫೈಲ್ ಕೇಳಿ ತರಿಸಿಕೊಳ್ಳಬೇಕು.

ಎದೆ ಹೊಡೆದುಕೊಳ್ಳುವುದಕ್ಕೂ ಸ್ವಲ್ಪ ವ್ಯವಸ್ಥೆ ಮಾಡಿದೆವು. ಎಲ್ಲ ಎಂಟ್ರಿಗಳನ್ನು ಒಂದೇ ರಾತ್ರಿ ಮುಗಿಸುವ ಹಟ ಬಿಟ್ಟರು. ಬೆಳಗ್ಗೆ ಕೆಲವನ್ನು ಮಾತ್ರ ನೋಡುತ್ತಾರೆ. ಮೊದಲು ಚಿತ್ರವನ್ನು ಚಿಕ್ಕದಾಗಿ ನೋಡಿ, ಕಣ್ಣು ಎಲ್ಲಿಗೆ ಹೋಯಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಹಿಗ್ಗಿಸಿ ಅಂಚು, ನೆರಳು ನೋಡುತ್ತಾರೆ. ಬರೆದದ್ದನ್ನು ಒಂದು ದಿನ ಇಟ್ಟು, ಜೋರಾಗಿ ಓದಿ ಕಳಿಸುತ್ತಾರೆ. ಎದುರಿಗೆ ಕೂತವರಿಗೆ ಹೇಳಲಾಗದ ಸಾಲು ಬಾಯಲ್ಲೇ ತಡೆಯುತ್ತದೆ.

ಬೇರೆಯವರ ಫೋಟೋವನ್ನು ಕೇಳದೆ ಬಳಸಿದ್ದರೆ, ಯಾರದ್ದಾದರೂ ಮುಖವನ್ನು ಅವಮಾನವಾಗುವಂತೆ ತಿರುಚಿದ್ದರೆ ಅದು ಫೀಡ್‌ಬ್ಯಾಕ್ ವಿಷಯವೇ ಅಲ್ಲ. ಅದನ್ನು ಆ ವ್ಯಕ್ತಿಗೆ ಪ್ರತ್ಯೇಕವಾಗಿ, ನೇರವಾಗಿ ಹೇಳಿ ನಿಲ್ಲಿಸಬೇಕು.

ಆ ಹುಡುಗಿಗೆ ಕ್ಷಮೆ ಕೇಳುವ ಮಾತು ಬಂದಾಗ ಅವರು ಬರೆದು ತಂದ ಪತ್ರ ಎರಡು ಪುಟ ಇತ್ತು. ಅದರಲ್ಲಿ ‘ಆದರೆ ನನ್ನ ಉದ್ದೇಶ’ ಅಂತ ಶುರುವಾಗುವ ಭಾಗವೇ ಜಾಸ್ತಿ. ಆ ಭಾಗ ತೆಗೆಯಿರಿ ಅಂದೆ. ವಾಪಸ್ ಬನ್ನಿ ಅಂತ ಕರೆಯುವುದೂ ಬೇಡ. ಅವಳು ಮತ್ತೊಂದು ಭಾರ ಹೊರಬೇಕಾಗುತ್ತದೆ. ಕೊನೆಗೆ ಉಳಿದದ್ದು ಇಷ್ಟು: ‘ನಿಮ್ಮ ಎಂಟ್ರಿಗೆ ನಾನು ಬರೆದ ಮಾತು ತಪ್ಪು. ನಿಮ್ಮ ಶ್ರದ್ಧೆಯ ಬಗ್ಗೆ ಮಾತಾಡುವ ಹಕ್ಕು ನನಗಿರಲಿಲ್ಲ. ಕೂದಲಿನ ಮಾಸ್ಕಿಂಗ್ ತುಂಬಾ ಚೆನ್ನಾಗಿತ್ತು, ಅದನ್ನು ನಾನು ಹೇಳಲೇ ಇಲ್ಲ. ಕ್ಷಮಿಸಿ. ಉತ್ತರ ಬರೆಯಲೇಬೇಕೆಂದಿಲ್ಲ.’

ಉತ್ತರ ಬರಲಿಲ್ಲ. ಬಳಗದಲ್ಲಿ ಈಗ ಇನ್ನಿಬ್ಬರು ಹಿರಿಯ ಸದಸ್ಯರು ಫೀಡ್‌ಬ್ಯಾಕ್ ಕೆಲಸ ಹಂಚಿಕೊಂಡಿದ್ದಾರೆ, ಎಂಟ್ರಿಗಳು ನಿಧಾನವಾಗಿ ಹೆಚ್ಚುತ್ತಿವೆ. ನಿದ್ದೆ ಪರವಾಗಿಲ್ಲ ಎಂದರು. ಕೊನೆಯ ಭೇಟಿಯಲ್ಲಿ, ಆ ಹುಡುಗಿಗೆ ಇನ್ನೊಂದು ಸಲ ಬರೆಯಲೇ ಅಂತ ಕೇಳಿದರು. ಬೇಡ ಅಂದೆ. ಎರಡನೆಯ ಪತ್ರ ಅವರ ಸಮಾಧಾನಕ್ಕೆ ಬೇಕಿತ್ತೇ ಹೊರತು ಅವಳಿಗಾಗಿ ಅಲ್ಲ. ಅವರಿಗೂ ಅದು ಗೊತ್ತಿತ್ತು. ಬರೆಯಲಿಲ್ಲ.